ಕಸ್ತೂರಿ ಕೆಡವಿದ ಹುಡುಗ

ಆ ವಿಡಿಯೋ ಇದ್ದದ್ದು ಬರೀ ಆರು ಸೆಕೆಂಡು. ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿ ಒಂದು ಪಾರ್ಕು, ಪಾರ್ಕಿನ ಮೂಲೆಗೆ ಒಂದೇ ರಿಂಗು ನೆಟ್ಟ ಅರ್ಧ ಬಾಸ್ಕೆಟ್‌ಬಾಲ್ ಕೋರ್ಟು. ಹಳೇ ಚೂಡಿದಾರದ ಟಾಪು, ಕೆಳಗೆ ಟ್ರ್ಯಾಕ್ ಪ್ಯಾಂಟು ತೊಟ್ಟ ನಲವತ್ತಾರು ವರ್ಷದ ಹೆಂಗಸೊಬ್ಬಳು ಚೆಂಡು ಪುಟಿಸುತ್ತ ಬರುತ್ತಾಳೆ. ಎದುರಿಗೆ ಆರಡಿ ಎರಡಿಂಚಿನ ಹುಡುಗ. ಅವಳು ಎಡಕ್ಕೆ ಭುಜ ವಾಲಿಸಿ ಬಲಕ್ಕೆ ನುಗ್ಗುತ್ತಾಳೆ. ಹುಡುಗ ಮಂಡಿಯೂರಿ, ಒಂದು ಕೈ ನೆಲಕ್ಕೆ ಚಾಚಿ ಕುಸಿಯುತ್ತಾನೆ. ಅವಳು ಅವನನ್ನು ದಾಟಿ ಹೋಗಿ ಚೆಂಡನ್ನು ಸಲೀಸಾಗಿ ರಿಂಗಿಗೆ ಹಾಕುತ್ತಾಳೆ. ಇಷ್ಟೇ. ಇಷ್ಟಕ್ಕೇ ಜನ ಹುಚ್ಚೆದ್ದು ಹೋದರು.

ಯಾಕೆಂದರೆ ಬಾಸ್ಕೆಟ್‌ಬಾಲ್ ಆಡುವವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆಗೇಡು ಇನ್ನೊಂದಿಲ್ಲ. ಎದುರಾಳಿ ನಿಮ್ಮ ಮೈ ಮುಟ್ಟದೆ, ಬರೀ ಸೊಂಟ ತಿರುಗಿಸಿ ನಿಮ್ಮನ್ನು ನೆಲಕ್ಕೆ ಕೆಡವಿದರೆ ನಿಮ್ಮ ಕಥೆ ಮುಗಿಯಿತು. ಅದೂ ಕೆಡವಿದ್ದು ಯಾರು? ಒಬ್ಬ ಆಂಟಿ. ಬಿದ್ದದ್ದು ಯಾರು? ಸೌತ್ ಆಸ್ಟ್ರೇಲಿಯಾದ ಯೂತ್ ಲೀಗಿನಲ್ಲಿ ಆಡುವ ಇಪ್ಪತ್ತರ ಹುಡುಗ. ಒಂದು ವಾರದಲ್ಲಿ ಒಂಬತ್ತು ಲಕ್ಷ ಜನ ನೋಡಿದರು, ಬಿದ್ದು ಬಿದ್ದು ನಕ್ಕರು.

ಆ ಹೆಂಗಸು ಡಾಕ್ಟರ್ ಕಸ್ತೂರಿ. ಎಲೆನ್‌ಬ್ರೂಕ್‌ನ ಒಂದು ಕ್ಲಿನಿಕ್ಕಿನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ಮೈಸೂರಿನಲ್ಲಿ ಎಂಬಿಬಿಎಸ್ ಓದುವಾಗ ಯೂನಿವರ್ಸಿಟಿ ಟೀಮಿಗೆ ಆಡಿದವಳು, ಆಮೇಲೆ ಮದುವೆ, ಮಕ್ಕಳು, ಇಲ್ಲಿಗೆ ಬಂದ ಮೇಲೆ ಮತ್ತೆ ಪರೀಕ್ಷೆಗಳು ಎಂದು ಇಪ್ಪತ್ತು ವರ್ಷ ಚೆಂಡು ಮುಟ್ಟದೆ ಇದ್ದವಳು. ಮಕ್ಕಳಿಬ್ಬರೂ ಯೂನಿವರ್ಸಿಟಿಗೆ ಹೋದ ಮೇಲೆ ಗ್ಯಾರೇಜಿನಲ್ಲಿ ಬಿದ್ದಿದ್ದ ಚೆಂಡಿಗೆ ಗಾಳಿ ತುಂಬಿಸಿಕೊಂಡು ಪಾರ್ಕಿಗೆ ಹೋಗತೊಡಗಿದಳು. ಹುಡುಗ ಅವಳ ಮೈಸೂರಿನ ಬ್ಯಾಚ್‌ಮೇಟ್ ರುಕ್ಮಿಣಿಯ ಮಗ, ಪವನ. ರುಕ್ಮಿಣಿಯೂ ಡಾಕ್ಟರೇ, ಮನೆ ಅಡಿಲೇಡ್‌ನ ಮಾಸನ್ ಲೇಕ್ಸ್‌ನಲ್ಲಿ. ಪವನ ಅಲ್ಲೇ ಕ್ಯಾಂಪಸ್ಸಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಕ್ರಿಸ್‌ಮಸ್ ರಜೆಗೆ ತಾಯಿ ಮಗ ಪರ್ತ್‌ಗೆ ಬಂದಿದ್ದಾಗ, ಕ್ರಿಸ್‌ಮಸ್ಸಿನ ಮರುದಿನ, ಬಾಕ್ಸಿಂಗ್ ಡೇ ಸಂಜೆ, ಬಾರ್ಬೆಕ್ಯೂ ಮುಗಿಸಿ ಎಲ್ಲರೂ ಪಾರ್ಕಿಗೆ ಹೋಗಿದ್ದರು. ಹನ್ನೊಂದು–ಏಳರಲ್ಲಿ ಕಸ್ತೂರಿ ಗೆದ್ದಳು. ಅವಳ ಗಂಡ ಪಂಚಾಕ್ಷರಿ ಪೂರ್ತಿ ಆಟವನ್ನು ಫೋನಿನಲ್ಲಿ ಹಿಡಿದು, ಬ್ರಿಸ್ಬೇನ್‌ನ ರಾಘವನಿಗೆ ಕಳಿಸಿ, ಫೋನಿನಲ್ಲಿ ಜಾಗ ಇಲ್ಲವೆಂದು ಅಳಿಸಿಯೂ ಬಿಟ್ಟ.

ಈ ರಾಘವ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ. ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದಾಗ ಎರಡು ವರ್ಷ ಕಸ್ತೂರಿಯ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ, ಅವಳ ಕೈಯ ಸಾರು ಉಂಡು ಅವಳನ್ನು ಅಕ್ಕ ಎಂದು ಕರೆಯುತ್ತ. ಈಗ ಫಾರೆಸ್ಟ್ ಲೇಕ್‌ನಲ್ಲಿ ಸ್ವಂತ ಮನೆ. ವಿಡಿಯೋ ಕತ್ತರಿಸಿ ಜೋಡಿಸುವುದೆಂದರೆ ಅವನಿಗೆ ಊಟ ನಿದ್ದೆ ಬೇಡ. ಆರು ಸೆಕೆಂಡು ಕತ್ತರಿಸಿ ಹಾಕಿದ್ದು ಅವನೇ.

ಕೆಳಗೆ ಕಾಮೆಂಟುಗಳ ಸುರಿಮಳೆ. ನನ್ನನ್ನು ಕೆಡವಲಿ ನೋಡೋಣ ಎಂದು ನೂರಾರು ಜನ ತೊಡೆ ತಟ್ಟಿದರು. ರಾಘವನ ತಲೆ ಓಡಿತು. ಬನ್ನಿ ಹಾಗಾದರೆ, ಒಬ್ಬರ ಎದುರು ಒಬ್ಬರು ಆಡಿ, ಎಲ್ಲ ಆಟವನ್ನೂ ವಿಡಿಯೋ ಮಾಡಿ ಹಾಕೋಣ ಎಂದ. ಹೀಗೆ ಹುಟ್ಟಿತು ಲೀಗು. ಹೆಸರು ‘ಒಬ್ಬರಿಗೊಬ್ಬರು’. ಟೀಮಿಲ್ಲ, ಕೋಚಿಲ್ಲ, ಸ್ಟೇಡಿಯಮ್ಮಿಲ್ಲ. ಸರ್ಕಾರ ಪಾರ್ಕಿನಲ್ಲಿ ಹಾಕಿಸಿದ ರಿಂಗೇ ಸಾಕು. ರೂಲ್ಸು ಮಾಡಿದ್ದು ಕಸ್ತೂರಿ: ಒಂದು ಬಾಸ್ಕೆಟ್ಟಿಗೆ ಒಂದು ಪಾಯಿಂಟು, ಹಾಕಿದವರಿಗೇ ಮತ್ತೆ ಚೆಂಡು, ಮೊದಲು ಹನ್ನೊಂದು ಮುಟ್ಟಿದವರು ಗೆದ್ದರು. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಲ್ಲಿ ವಾರಕ್ಕೊಂದು ಆಟ. ಆಗಸ್ಟ್ ಹೊತ್ತಿಗೆ ಮೂವತ್ತೆಂಟು ಆಟಗಾರರು, ಎರಡು ಲಕ್ಷ ಚಂದಾದಾರರು. ಮೂವತ್ತೆಂಟರಲ್ಲಿ ಹನ್ನೊಂದು ಜನ ಮೂವತ್ತೈದು ದಾಟಿದ ಹೆಂಗಸರು. ಆಂಟಿ ಆ ಹುಡುಗನನ್ನು ಕೆಡವಬಹುದಾದರೆ ನಾವೇನು ಕಡಿಮೆ ಎಂದು ಬಂದವರು ಅವರು.

ಕಸ್ತೂರಿ ಬದಲಾಗಿಹೋದಳು. ನಡಿಗೆಯೇ ಬೇರೆ. ಲೀಗಿನಲ್ಲಿ ತಾನು ಆಡಿದ ಎಂಟರಲ್ಲಿ ನಾಲ್ಕು ಗೆದ್ದಳು. ಕ್ಲಿನಿಕ್ಕಿಗೆ ಸೊಂಟ ನೋವೆಂದು ಬಂದ ಮುದುಕರೂ ಚೀಟಿ ಬರೆಸಿಕೊಂಡು ಹೋಗುವಾಗ ಆ ಹುಡುಗನನ್ನು ಹೇಗೆ ಬೀಳಿಸಿದಿರಿ ಎಂದು ಕೇಳುತ್ತಿದ್ದರು. ಅವಳು ಎದ್ದು ನಿಂತು ಭುಜ ವಾಲಿಸಿ ತೋರಿಸುತ್ತಿದ್ದಳು. ಪರ್ತ್‌ನ ಕನ್ನಡ ಸಂಘದವರು ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾನು ಕೆಡವಿದ್ದು ನಿಜ, ಇಪ್ಪತ್ತು ವರ್ಷ ಬಿಟ್ಟರೂ ನನ್ನ ಆಟ ನನ್ನನ್ನು ಬಿಟ್ಟಿಲ್ಲ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಆಗಸ್ಟಿನ ಕೊನೆಗೆ ಬ್ರಿಸ್ಬೇನ್‌ನಲ್ಲಿ ಆಡಲು ಹೋದಳು. ಫಾರೆಸ್ಟ್ ಲೇಕ್‌ನ ಕೆರೆ ಪಕ್ಕದ ಕೋರ್ಟಿನಲ್ಲಿ ಕಿರಣ ಎಂಬ ಅಕೌಂಟೆಂಟನನ್ನು ಹನ್ನೊಂದು–ಒಂಬತ್ತರಲ್ಲಿ ಸೋಲಿಸಿ, ಐದನೇ ಗೆಲುವೆಂದು ಬೀಗುತ್ತ ರಾಘವನ ಮನೆಗೆ ಬಂದಳು. ಮೂರೂ ಊರಿನವರು ಸೇರುವ ಫೈನಲ್ಸ್ ಅಕ್ಟೋಬರಿನಲ್ಲಿ ಅಡಿಲೇಡ್‌ನಲ್ಲಿ ಎಂದು ಗೊತ್ತಾಗಿತ್ತು. ಸಿಡ್ನಿಯ ಒಂದು ಆನ್‌ಲೈನ್ ಚಾನೆಲ್ಲು ಅದನ್ನು ನೇರ ಪ್ರಸಾರ ಮಾಡಲು, ಒಳಾಂಗಣ ಹಾಲ್ ಕೊಡಿಸಲು ಒಪ್ಪಿತ್ತು. ಅವರ ಷರತ್ತು ಒಂದೇ, ಕಾರ್ಯಕ್ರಮ ಆ ಆರು ಸೆಕೆಂಡಿನಿಂದಲೇ ಶುರುವಾಗಬೇಕು. ಪೋಸ್ಟರಿಗೆ ನಿಮ್ಮದೊಂದು ಫೋಟೋ ಆರಿಸಿ ಅಕ್ಕ ಎಂದು ರಾಘವ ಲ್ಯಾಪ್‌ಟಾಪು ಅವಳ ಮುಂದೆ ಇಟ್ಟು, ಹಿತ್ತಿಲಲ್ಲಿ ಜೋಳ ಸುಡಲು ಹೋದ.

ಫೋಟೋ ಹುಡುಕುತ್ತಿದ್ದವಳಿಗೆ ಹತ್ತೊಂಬತ್ತು ನಿಮಿಷದ ಒಂದು ವಿಡಿಯೋ ಕಂಡಿತು. ಬಾಕ್ಸಿಂಗ್ ಡೇ ಆಟ, ಪೂರ್ತಿ. ಅಯ್ಯೋ, ಇದನ್ನು ನಾನು ನೋಡೇ ಇಲ್ಲವಲ್ಲ ಎಂದು ಒತ್ತಿದಳು. ಭುಜ ವಾಲಿಸುವ ಜಾಗ ಬಂತು. ಹುಡುಗ ಮಂಡಿಯೂರಿದ, ಅವಳು ದಾಟಿ ಹೋಗಿ ಚೆಂಡು ಹಾಕಿದಳು. ಜಗತ್ತು ನೋಡಿದ ವಿಡಿಯೋ ಮುಗಿಯುವುದು ಇಲ್ಲಿಗೆ. ಇದು ಮುಗಿಯಲಿಲ್ಲ. ಮಂಡಿಯೂರಿದ ಹುಡುಗ ನೆಲ ಮುಟ್ಟಿದ ಬೆರಳನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡ.

ಕಸ್ತೂರಿ ಪರದೆಗೆ ಮುಖ ಹತ್ತಿರ ತಂದಳು. ಹಿಂದಕ್ಕೆ ಎಳೆದು ನಿಧಾನವಾಗಿ ಓಡಿಸಿದಳು. ಅವಳು ಬಲಕ್ಕೆ ತಿರುಗುವಾಗ ಹುಡುಗನ ಬೂಟಿನ ತುದಿ ಅವಳ ಬೂಟಿಗೆ ತಾಗಿದೆ. ಹಿರಿಯರಿಗೆ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನಮ್ಮ ಮನೆಗಳಲ್ಲಿ ಮಗುವಿಗೆ ಹಲ್ಲು ಬರುವ ಮೊದಲೇ ಅಭ್ಯಾಸ ಮಾಡಿಸಿರುತ್ತಾರೆ. ಬಸ್ಸಿರಲಿ, ಮದುವೆ ಮನೆ ಇರಲಿ, ಯೋಚನೆ ಮಾಡುವ ಮೊದಲೇ ಕೈ ತಾನಾಗಿ ಕೆಳಗೆ ಹೋಗುತ್ತದೆ. ಅಡಿಲೇಡ್‌ನಲ್ಲಿ ಹುಟ್ಟಿ ಬೆಳೆದ ಹುಡುಗನ ಕೈಯೂ ಹೋಗಿದೆ. ಅವನು ಅವಳ ಪಾದ ಮುಟ್ಟಲು ಬಗ್ಗಿದ್ದಾನೆ, ಅಷ್ಟರಲ್ಲಿ ಪಾದ ಮುಂದೆ ಓಡಿಹೋಗಿದೆ, ನೆಲವನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಾನೆ. ಅವಳು ಯಾರನ್ನೂ ಕೆಡವಿರಲಿಲ್ಲ. ಅವಳಿಗೆ ನಮಸ್ಕಾರ ಸಿಕ್ಕಿತ್ತು, ಅಷ್ಟೇ.

ಉಳಿದದ್ದನ್ನೂ ನೋಡಿದಳು. ಹುಡುಕಿ ನೋಡಿದರೆ ಎಲ್ಲವೂ ಕಾಣಿಸುತ್ತದೆ. ಅವಳು ನುಗ್ಗಿದಾಗಲೆಲ್ಲ ಅವನು ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಂಡಿದ್ದಾನೆ, ಎಲ್ಲಿ ಆಂಟಿಯ ಮೈಗೆ ತಾಗೀತೋ ಎಂದು. ತಲೆಯಿಂದ ಪಾದದವರೆಗೆ ಮೈ ಉರಿಯಿತು ಅವಳಿಗೆ. ಆಮೇಲೆ ಉರಿಗಿಂತ ಕೆಟ್ಟದ್ದೊಂದು ತಲೆಗೆ ಬಂತು. ಲೀಗಿನಲ್ಲಿ ಗೆದ್ದ ಐದು? ಇವತ್ತಿನ ಈ ಕಿರಣ? ಇವರೂ ಬಿಟ್ಟುಕೊಟ್ಟವರೇ? ನಾನು ಒಂದಾದರೂ ಪಾಯಿಂಟು ನಿಜವಾಗಿ ಹಾಕಿದ್ದೇನೆಯೇ?

ರಾಘವ ಜೋಳದ ತಟ್ಟೆ ಹಿಡಿದು ಒಳಗೆ ಬಂದವನು ಪರದೆ ನೋಡಿ ಅಲ್ಲೇ ನಿಂತ.

“ಇದನ್ನ ನೀನು ನೋಡಿದ್ದೆ,” ಎಂದಳು ಕಸ್ತೂರಿ.

“ನೋಡಿದ್ದೆ ಅಕ್ಕ.”

“ನೋಡೇ ಕತ್ತರಿಸ್ದೆ.”

ಅವನು ಸುಳ್ಳು ಹೇಳಲಿಲ್ಲ, ಅದೊಂದು ಮೆಚ್ಚಬೇಕು. ಎರಡೇ ಸೆಕೆಂಡು ಅಕ್ಕ ಎಂದ. ಆ ಎರಡು ಸೆಕೆಂಡು ಇಟ್ಟಿದ್ದರೆ ಲೀಗೇ ಇರುತ್ತಿರಲಿಲ್ಲ, ಆ ಹನ್ನೊಂದು ಹೆಂಗಸರು ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ, ನೀವೂ ಆ ಪಾರ್ಕಿನಲ್ಲಿ ಒಬ್ಬರೇ ಚೆಂಡು ಪುಟಿಸಿಕೊಂಡು ಇರುತ್ತಿದ್ದಿರಿ ಎಂದ. ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅಲ್ಲೇ ಕೂತು ರುಕ್ಮಿಣಿಗೆ ಫೋನು ಹಚ್ಚಿದಳು. ಇಪ್ಪತ್ತೇಳು ವರ್ಷದ ಗೆಳತಿ, ಸುತ್ತು ಬಳಸು ಬೇಕಿರಲಿಲ್ಲ. ಪವನನಿಗೆ ಅವತ್ತು ನೀನೇನಾದರೂ ಹೇಳಿದ್ದೆಯಾ ಎಂದು ಕೇಳಿದಳು. ಹೇಳದೆ ಏನು, ಕಾರಿನಲ್ಲೇ ಹೇಳಿದ್ದೆ ಎಂದಳು ರುಕ್ಮಿಣಿ. ಆಂಟಿಗೆ ವಯಸ್ಸಾಗಿದೆ, ಮೈಮೇಲೆ ಬೀಳಬೇಡ, ಹಬ್ಬದ ದಿನ ಅವಳು ಗೆದ್ದರೆ ನಿನ್ನ ಗಂಟೇನು ಹೋಗುವುದಿಲ್ಲ ಎಂದು. ಕಸ್ತೂರಿ ಹಲ್ಲು ಕಚ್ಚಿದಳು. ನಮಗಿಬ್ಬರಿಗೂ ಒಂದೇ ವಯಸ್ಸು ಕಣೆ ಎಂದಳು.

ರುಕ್ಮಿಣಿಗೂ ಕೋಪ ಬಂತು.

“ನನ್ನ ಮಗ ನಿಂಗೆ ಮರ್ಯಾದೆ ಕೊಟ್ಟಿದ್ದು ತಪ್ಪಾಯ್ತಾ? ಎಂಟು ತಿಂಗಳಿಂದ ಅವನು ಏನು ಅನುಭವಿಸ್ತಿದಾನೆ ಗೊತ್ತಾ ನಿಂಗೆ? ಅವನು ಕೋರ್ಟಿಗೆ ಇಳಿದ್ರೆ ಎದುರು ಟೀಮಿನ ಹುಡುಗ್ರು ಆಂಟಿ ಆಂಟಿ ಅಂತ ಕೂಗ್ತಾರೆ ಕಣೆ. ಒಂದು ಮಾತು ಆಡಿಲ್ಲ ಅವನು. ಆಡಿದ್ರೆ ನಿನ್ನ ಮಾನ ಹೋಗತ್ತೆ ಅಂತ.”

ಇದು ಕಸ್ತೂರಿಗೆ ಗೊತ್ತೇ ಇರಲಿಲ್ಲ. ತಾನು ಕ್ಲಿನಿಕ್ಕಿನಲ್ಲಿ ಭುಜ ವಾಲಿಸಿ ತೋರಿಸಿ ನಗಿಸುತ್ತಿದ್ದಾಗಲೆಲ್ಲ ಅಲ್ಲೊಬ್ಬ ಹುಡುಗ ಅವಳಿಗಾಗಿ ಅವಮಾನ ನುಂಗುತ್ತಿದ್ದ. ಫೋನು ಇಟ್ಟವಳೇ ರಾಘವನಿಗೆ, ನಮ್ಮ ಲೀಗಿನ ಚಾನೆಲ್ಲಿನ ಪಾಸ್‌ವರ್ಡು ಹಾಕು ಎಂದಳು.

ರಾಘವ ಕೈ ಮುಗಿದ. ಫೈನಲ್ಸ್ ಮುಗಿಯಲಿ, ಆಮೇಲೆ ಬೇಕಾದರೆ ಹಾಕೋಣ, ಐದು ವಾರ ತಡೆಯಿರಿ ಎಂದು ಗೋಗರೆದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಕತ್ತರಿಸದ ವಿಡಿಯೋ ಜೊತೆಗೆ ತಾನೇ ಕ್ಯಾಮೆರಾದ ಮುಂದೆ ಕೂತು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದಳು. ನಾನು ಈ ಹುಡುಗನನ್ನು ಕೆಡವಲಿಲ್ಲ. ಇವನ ಕೈ ನೋಡಿ, ಎಲ್ಲಿಗೆ ಹೋಯಿತು ನೋಡಿ. ಇವನು ಬಿದ್ದದ್ದಲ್ಲ, ಬಗ್ಗಿದ್ದು. ಇವನನ್ನು ನೋಡಿ ನಕ್ಕವರೆಲ್ಲ ಈಗ ನನ್ನನ್ನು ನೋಡಿ ನಗಿ. ಫೈನಲ್ಸಿನಲ್ಲಿ ಮೊದಲ ಆಟ ನಮ್ಮಿಬ್ಬರದು. ಇವತ್ತಿನಿಂದ ನಮ್ಮ ಲೀಗಿಗೆ ಇನ್ನೊಂದು ರೂಲ್ಸು: ಗೆರೆಯ ಒಳಗೆ ಕಾಲು ತಾಗಿದರೆ ತಾಗಿತು, ಯಾರೂ ಬಗ್ಗುವ ಹಾಗಿಲ್ಲ.

ನಕ್ಕರು. ಬಾಯಿಗೆ ಬಂದ ಹಾಗೆ ಬೈದರು, ಮೋಸಗಾತಿ ಎಂದರು, ಮುದುಕಿ ಮನೆಯಲ್ಲಿರು ಎಂದರು. ಒಂದು ವಾರದಲ್ಲಿ ಮೂವತ್ತು ಸಾವಿರ ಜನ ಲೀಗಿನ ಚಾನೆಲ್ಲು ಬಿಟ್ಟು ಹೋದರು. ಸಿಡ್ನಿಯವರು ಎರಡು ಸಾಲಿನ ಇಮೇಲ್ ಕಳಿಸಿ ಕೈ ತೊಳೆದುಕೊಂಡರು, ಹಾಲ್ ಹೋಯಿತು. ಕನ್ನಡ ಸಂಘದ ಅಧ್ಯಕ್ಷ ಸದಾಶಿವ ಅಂಕಲ್ ಫೋನು ಮಾಡಿ, ಮೇಡಂ, ಸಂಘಕ್ಕೆ ಮುಜುಗರವಾಗಿದೆ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಇಷ್ಟಕ್ಕೇ ಬಿಟ್ಟುಬಿಡಿ ಎಂದರು. ಶಾಲು ಕೊರಿಯರ್ ಮಾಡಲಾ, ನೀವೇ ಬಂದು ಒಯ್ಯುತ್ತೀರಾ ಎಂದು ಕೇಳಿದಳು ಕಸ್ತೂರಿ. ಅವರು ಒಯ್ಯಲು ಬರಲಿಲ್ಲ. ಆ ಹನ್ನೊಂದು ಹೆಂಗಸರಲ್ಲಿ ಇಬ್ಬರು ಲೀಗು ಬಿಟ್ಟರು. ಒಂಬತ್ತು ಜನ ಬಿಡಲಿಲ್ಲ.

ಪಂಚಾಕ್ಷರಿ ಆಸ್ಪತ್ರೆಯಲ್ಲಿ ಅನಸ್ತೇಷಿಯಾ ಕೊಡುವ ಡಾಕ್ಟರು, ಮನೆಯಲ್ಲೂ ದನಿ ಎತ್ತುವವನಲ್ಲ. ಬೆಳಿಗ್ಗೆ ಐದೂವರೆಗೆ ಕೋರ್ಟಿಗೆ ಹೊರಟ ಹೆಂಡತಿಯ ಮಂಡಿಗೆ ಟೇಪು ಸುತ್ತುತ್ತ, ಸೋತರೆ ಏನು ಮಾಡ್ತೀಯ ಎಂದು ಒಂದು ದಿನ ಕೇಳಿದ.

“ಸೋಲ್ತೀನಿ ರೀ, ಅದು ನಂಗೂ ಗೊತ್ತು. ಎಷ್ಟರಲ್ಲಿ ಸೋಲ್ತೀನಿ ಅಂತ ಗೊತ್ತಾಗಬೇಕು, ಅಷ್ಟೇ. ನಂದು ಅಂತ ಎಷ್ಟಿದೆ ಅಂತ.”

ಅವನು ಇನ್ನೊಂದು ಸುತ್ತು ಟೇಪು ಹಾಕಿದ.

ಪವನ ಮಾತ್ರ ಮತ್ತೆ ಆಡಲು ಒಪ್ಪಲಿಲ್ಲ. ಆಂಟಿ, ಆದದ್ದಾಯಿತು, ಬಿಡಿ, ನನಗೇನೂ ಬೇಜಾರಿಲ್ಲ ಎಂದು ಇಂಗ್ಲಿಷಿನಲ್ಲಿ ಮೆಸೇಜು ಕಳಿಸಿದ. ನೀನು ಬರದೆ ಹೋದರೆ ನನಗೆ ಎರಡನೇ ಸಲ ಬಿಟ್ಟುಕೊಟ್ಟ ಹಾಗೆ, ಒಂದು ಸಲ ಕೊಟ್ಟಿದ್ದೇ ಸಾಕು ಎಂದು ಅವಳು ಕನ್ನಡದಲ್ಲಿ ಬರೆದಳು. ಮೂರನೇ ದಿನ ಸರಿ ಎಂದು ಬಂತು.

ಅಕ್ಟೋಬರಿನ ಮೊದಲ ಶನಿವಾರ ಎಲ್ಲರೂ ಮಾಸನ್ ಲೇಕ್ಸ್‌ನಲ್ಲಿ ಸೇರಿದರು. ಹಾಲ್ ಇಲ್ಲವಾದ್ದರಿಂದ ಬಯಲಿನ ಕೋರ್ಟೇ ಗತಿ. ರೈಲಿನಿಂದ ಇಳಿದು ಬಂದವರು, ಎಸ್ಕಿ ಎಂಬ ಐಸ್ ಡಬ್ಬಿಯಲ್ಲಿ ತಂಪು ನೀರು ತುಂಬಿಕೊಂಡು ಬಂದವರು, ಒಟ್ಟು ನೂರೈವತ್ತು ಜನ ಇದ್ದಿರಬಹುದು. ಪವನನ ಟೀಮಿನ ಹುಡುಗರೂ ಬಂದು ಗೆರೆಯ ಪಕ್ಕ ಸಾಲಾಗಿ ಕೂತಿದ್ದರು. ರಾಘವ ಮೂರು ಕಡೆ ಕ್ಯಾಮೆರಾ ನಿಲ್ಲಿಸಿದ. ಸಿಡ್ನಿ ಚಾನೆಲ್ಲು ಕೈಬಿಟ್ಟಿತೆಂದು ಎರಡು ವಾರ ಮುಖ ಗಂಟು ಹಾಕಿಕೊಂಡಿದ್ದವನು, ಇವತ್ತು ಮಾತ್ರ ಬೆಳಿಗ್ಗೆಯಿಂದ ನೇರ ಪ್ರಸಾರಕ್ಕೆಂದು ಓಡಾಡುತ್ತಿದ್ದ. ರುಕ್ಮಿಣಿ ಬೆಂಚಿನ ತುದಿಗೆ ಕೂತಿದ್ದಳು. ಕಸ್ತೂರಿಯನ್ನು ಮಾತಾಡಿಸಲಿಲ್ಲ.

ಮೊದಲ ಚೆಂಡು ಕಸ್ತೂರಿಗೆ. ಬಲಕ್ಕೆ ಹೋಗಿ ಹಾಕಿದಳು. ಒಂದು–ಸೊನ್ನೆ. ಎರಡನೆಯದನ್ನು ನಿಂತಲ್ಲಿಂದಲೇ ಎಸೆದಳು, ಬಿತ್ತು. ಮೂರನೆಯದಕ್ಕೆ ರಿಂಗಿನ ಕೆಳಗೇ ಹೋಗಿಬಿಟ್ಟಳು. ಜನ ಕೇಕೆ ಹಾಕಿದರು. ಕಸ್ತೂರಿ ಕೇಕೆ ಕೇಳುತ್ತಿರಲಿಲ್ಲ, ಹುಡುಗನ ಕೈ ನೋಡುತ್ತಿದ್ದಳು. ಈ ಸಲ ಕೈ ಬೆನ್ನ ಹಿಂದಿಲ್ಲ, ಮುಂದೆಯೇ ಇದೆ. ಆದರೆ ಎದೆಯ ಮಟ್ಟಕ್ಕೇ ನಿಲ್ಲುತ್ತಿದೆ. ಅವನು ಹಾರುತ್ತಿದ್ದಾನೆ, ಅರ್ಧ ಕ್ಷಣ ತಡವಾಗಿ ಹಾರುತ್ತಿದ್ದಾನೆ. ಒಂಬತ್ತು ತಿಂಗಳ ಹಿಂದಾಗಿದ್ದರೆ ಅವಳಿಗೆ ಇದು ಕಾಣುತ್ತಿರಲಿಲ್ಲ.

ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಳು. ಸ್ಕೋರು ಬರೆಯುತ್ತಿದ್ದವನಿಗೆ ಮೂರೂ ಅಳಿಸು, ಸೊನ್ನೆ–ಸೊನ್ನೆ ಎಂದಳು. ಅವಳು ಪವನನ ಹತ್ತಿರ ಹೋದಳು. ಅವನ ಮುಖ ನೋಡಲು ತಲೆ ಎತ್ತಬೇಕಾಗಿತ್ತು, ಎತ್ತಿದಳು.

“ನನ್ನ ಮಾನ ಕಾಪಾಡೋಕೆ ಅಂತ ಇಷ್ಟು ದಿನ ಬಾಯಿ ಮುಚ್ಕೊಂಡು ಅನ್ನಿಸಿಕೊಂಡೆ. ದೊಡ್ಡವನು ನೀನು, ನಾನು ಮರೆಯಲ್ಲ. ಆದ್ರೆ ಸಾಕು. ನನ್ನ ಮಾನ ನಾನು ನೋಡ್ಕೋತೀನಿ. ನೀನು ಚೆಂಡು ನೋಡ್ಕೊ.”

ಪವನ ಒಂದು ಗಳಿಗೆ ಅಮ್ಮನ ಕಡೆ ನೋಡಿದ. ರುಕ್ಮಿಣಿ ಬೆಂಚಿನ ಅಂಚನ್ನು ಹಿಡಿದುಕೊಂಡು ಕೂತಿದ್ದಳು. ಅವನು ಬೆವರಿದ ಅಂಗೈಗಳನ್ನು ಚಡ್ಡಿಗೆ ಒರೆಸಿಕೊಂಡು, ಮಂಡಿ ಬಗ್ಗಿಸಿ, ಎರಡೂ ಕೈ ಚಾಚಿ ನಿಂತ. ಆಗ ಕಸ್ತೂರಿಗೆ ಗೊತ್ತಾಯಿತು, ಈ ಹುಡುಗ ನಿಜವಾಗಿ ಎಷ್ಟು ದೊಡ್ಡವನು ಎಂದು.

ಅವಳು ಎಸೆದ ಮೊದಲನೆಯದನ್ನೇ ಅವನು ಗಾಳಿಯಲ್ಲಿ ಬಡಿದು ಹಾಕಿದ. ಚೆಂಡು ಹೋಗಿ ಎಸ್ಕಿಗೆ ಬಡಿಯಿತು, ಹುಡುಗರು ಎದ್ದು ಕುಣಿದರು. ಕಸ್ತೂರಿಯ ಮುಂಗೈ ಜುಮ್ಮೆಂದಿತು. ಮೈಸೂರು ಬಿಟ್ಟ ಮೇಲೆ ಯಾರೂ ಅವಳ ಚೆಂಡನ್ನು ಹಾಗೆ ಬಡಿದಿರಲಿಲ್ಲ. ಸಂತೋಷಕ್ಕೆ ಅವಳಿಗೆ ನಗುವೇ ಬಂದುಬಿಟ್ಟಿತು. ಆಮೇಲಿನ ನಾಲ್ಕು ನಿಮಿಷ ನಗುವಂಥದ್ದೇನೂ ಇರಲಿಲ್ಲ. ಹಾಕಿದವನಿಗೇ ಚೆಂಡು ಎಂಬ ರೂಲ್ಸು ಮಾಡಿದವಳು ಅವಳೇ, ಈಗ ಅನುಭವಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಅವನು ಭುಜ ಕೊಟ್ಟು ನುಗ್ಗುತ್ತಿದ್ದ, ಅವಳು ಹಿಂದಕ್ಕೆ ಸರಿಯುತ್ತಿದ್ದಳು. ಬೂಟಿಗೆ ಬೂಟು ಎಷ್ಟು ಸಲ ತಾಗಿತೋ ಲೆಕ್ಕವಿಲ್ಲ, ಯಾರೂ ಬಗ್ಗಲಿಲ್ಲ.

ಆರನೆಯದು ಅವನಿಗೆ ಗುರಿ ತಪ್ಪಿತು. ಚೆಂಡು ರಿಂಗಿಗೆ ಬಡಿದು ಈಚೆ ಬಂತು, ಕಸ್ತೂರಿ ಅವನ ಕಂಕುಳ ಕೆಳಗೆ ನುಸುಳಿ ಕಸಿದುಕೊಂಡಳು. ಗೆರೆಯಾಚೆ ಹೋಗಿ ತಿರುಗಿ, ಪುಟಿಸಿ, ಅವನು ಬರುವ ಮೊದಲೇ ಎಸೆದಳು. ಬಿತ್ತು. ಮುಂದಿನದಕ್ಕೆ ಎಡಕ್ಕೆ ಹೋಗಿ ಹಾಕಿದಳು. ಎಡಗೈ ಅವಳದು ದುರ್ಬಲ, ಸೆಪ್ಟೆಂಬರ್ ಪೂರ್ತಿ ಬೆಳಿಗ್ಗೆ ಅದನ್ನೇ ತೀಡಿದ್ದಳು. ಐದು–ಎರಡು. ಮತ್ತೆ ಅವನು ಮೂರು ಹಾಕಿದ. ಅವಳು ಕಷ್ಟಪಟ್ಟು ಒಂದು ಹಾಕಿದಳು. ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು.

ಎಂಟು–ಮೂರು ಇದ್ದಾಗ ಅವಳು ರಿಂಗಿನ ಕೆಳಗೆ ಹಾರಿದಳು, ಅವನೂ ಹಾರಿದ, ಅವನ ಮೊಣಕೈ ಅವಳ ಬಾಯಿಗೆ ಬಡಿಯಿತು. ಕೆಳಗೆ ಬಿದ್ದಳು. ಈ ಸಲ ನಿಜವಾಗಿ ಬಿದ್ದಳು, ಕಾಂಕ್ರೀಟಿನ ಮೇಲೆ, ಸೊಂಟ ಊರಿ. ತುಟಿ ಒಡೆದು ರಕ್ತ ಬಂತು. ರುಕ್ಮಿಣಿ ಚೀಲ ಎಸೆದು ಓಡಿ ಬಂದಳು. ಪಂಚಾಕ್ಷರಿ ಓಡಿ ಬಂದ. ಪವನ ಮುಖ ಬಿಳಚಿಕೊಂಡು ಎರಡು ಹೆಜ್ಜೆ ಹಿಂದೆ ನಿಂತ, ಸಾರಿ ಆಂಟಿ, ಸಾರಿ ಆಂಟಿ ಎನ್ನುವುದು ಬಿಟ್ಟು ಬಾಯಲ್ಲಿ ಬೇರೆ ಮಾತಿಲ್ಲ. ನಿಲ್ಲಿಸಿ, ಸಾಕು ಎಂದು ಸುತ್ತಲಿನವರು ಕೂಗಿದರು.

ಕಸ್ತೂರಿ ನಾಲಿಗೆಯಿಂದ ಹಲ್ಲು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ಎಲ್ಲ ಇದ್ದವು. ರುಕ್ಮಿಣಿ ಕೈ ಹಿಡಿದು ಎಬ್ಬಿಸಿ, ಕರ್ಚೀಫು ಒತ್ತಿ, ಗಾಯ ನೋಡಿ, ಹೊಲಿಗೆ ಬೇಡ ಎಂದಳು. ಒಂದು ತಿಂಗಳಲ್ಲಿ ಅವಳು ಗೆಳತಿಯೊಂದಿಗೆ ಆಡಿದ ಮೊದಲ ಮಾತು ಅದು. ಬಿಡೇ ಅವನನ್ನು, ಆಡಲಿ ಎಂದಳು ಕಸ್ತೂರಿ. ಆಮೇಲೆ ಪವನನ ಕಡೆ ತಿರುಗಿ, ಫೌಲು ನಿನ್ನದು, ಚೆಂಡು ನನ್ನದು, ಕೊಡು ಎಂದು ಕೈ ಚಾಚಿದಳು. ಅವನು ಕೊಟ್ಟ. ಕೊಟ್ಟು ಮತ್ತೆ ಮಂಡಿ ಬಗ್ಗಿಸಿ ನಿಂತ, ಕೈ ತಗ್ಗಿಸಲಿಲ್ಲ.

ನಾಲ್ಕನೆಯದನ್ನು ಅವಳು ಅವನ ಬೆರಳ ತುದಿಯ ಮೇಲಿಂದ ಹಾಯಿಸಿದಳು, ಬೋರ್ಡಿಗೆ ಬಡಿದು ಒಳಗೆ ಬಿತ್ತು. ಐದನೆಯದನ್ನು ಒಮ್ಮೆ ನಿಂತು, ಎರಡು ಸಲ ಎಸೆಯುವ ಹಾಗೆ ಮಾಡಿ, ಮೂರನೆಯ ಸಲ ಎಸೆದಳು. ಅದೇ ಕೊನೆ. ಅವನು ಚೆಂಡು ಕಸಿದ ಮೇಲೆ ಅವಳ ಕಾಲು ಏಳಲಿಲ್ಲ. ಒಂಬತ್ತು, ಹತ್ತು, ಹನ್ನೊಂದು. ಹನ್ನೊಂದು–ಐದು.

ಹುಡುಗನ ಗೆಳೆಯರು ಅವನನ್ನು ಎತ್ತಿಕೊಳ್ಳಲು ಬಂದರು. ಅವನು ತಪ್ಪಿಸಿಕೊಂಡು ಬಂದು ಅವಳ ಎದುರು ನಿಂತ. ಕಸ್ತೂರಿ ಮಂಡಿಯ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದಳು. ಸುತ್ತ ಸೇರಿದವರೆಲ್ಲ ಈ ವಯಸ್ಸಿಗೆ ಅದ್ಭುತ, ಈ ವಯಸ್ಸಿಗೆ ಅದ್ಭುತ ಎನ್ನುತ್ತಿದ್ದರು. ಆ ಮಾತು ಅವಳಿಗೆ ಬೇಕಿರಲಿಲ್ಲ. ಒಂದು ಪ್ರಶ್ನೆ ಕೇಳಬೇಕಿತ್ತು, ಕೇಳಲು ಹೆದರಿಕೆಯೂ ಆಗುತ್ತಿತ್ತು. ಬಾಯಲ್ಲಿದ್ದ ರಕ್ತ ಉಗಿದು ನೆಟ್ಟಗೆ ನಿಂತಳು.

“ಪವನ, ನಿಮ್ಮಮ್ಮ ಇಲ್ಲೇ ಇದಾಳೆ, ಕ್ಯಾಮೆರಾನೂ ಇದೆ. ನಿಜ ಹೇಳ್ಬೇಕು. ಈ ಐದರಲ್ಲಿ ನೀನು ಬಿಟ್ಟುಕೊಟ್ಟಿದ್ದು ಎಷ್ಟು?”

ಪವನನ ಹುಬ್ಬು ಗಂಟಿಕ್ಕಿತು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವನು ತಡವರಿಸಿಕೊಂಡು ಕನ್ನಡಕ್ಕೆ ಬಂದ.

“ಏನ್ ಆಂಟಿ ನೀವು? ಸೆಕೆಂಡ್ ಒಂದು ಲೆಫ್ಟ್ ಹೋಗಲ್ಲ ಅನ್ಕೊಂಡಿದ್ದೆ, ಹೋಗ್ಬಿಟ್ರಿ. ಫೋರ್ತ್‌ಗೆ ಫುಲ್ ಜಂಪ್ ಮಾಡ್ದೆ, ಸಿಗ್ಲಿಲ್ಲ. ಲಾಸ್ಟ್‌ದು ನಂದೇ ಸ್ಟುಪಿಡ್ ಮಿಸ್ಟೇಕ್, ಎರಡು ಸಲ ಫೇಕ್‌ಗೆ ಬಿದ್ದೆ. ಬಿಟ್ಟಿಲ್ಲ ನಾನು. ಸ್ಟಾಪ್ ಮಾಡೋಕೆ ಆಗ್ಲಿಲ್ಲ.”

ಅವನ ದನಿಯಲ್ಲಿ ಸಿಟ್ಟಿತ್ತು. ಗೆದ್ದ ಮೇಲೂ, ಐದು ಪಾಯಿಂಟು ಹೋಯಿತಲ್ಲ ಎಂದು ಹೊಟ್ಟೆ ಉರಿದುಕೊಂಡ ಆಟಗಾರನ ಸಿಟ್ಟು. ಅಂಥ ಸಿಟ್ಟನ್ನು ಮರ್ಯಾದೆಗಾಗಿ ನಟಿಸಲು ಯಾರಿಂದಲೂ ಆಗುವುದಿಲ್ಲ. ಕಸ್ತೂರಿಗೆ ಕಣ್ಣು ತುಂಬಿ ಬಂತು. ಜನರೆದುರೇ ಅತ್ತಳು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ರಾಘವ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ವಿಡಿಯೋಗೆ ಹೆಸರು ಬರೆಯುತ್ತಿದ್ದ. ಅಕ್ಕ, ಮೊದಲು ಹಾಕಿದ ಮೂರನ್ನೂ ಸೇರಿಸಿದರೆ ಹನ್ನೊಂದು–ಎಂಟು ಆಗುತ್ತದೆ, ನೋಡುವವರಿಗೆ ಚೆನ್ನಾಗಿರುತ್ತದೆ ಎಂದು ಮೆಲ್ಲಗೆ ಹೇಳಿದ. ಕಸ್ತೂರಿ ಅವನ ಹಿಂದೆ ಹೋಗಿ ನಿಂತು ಪರದೆಯ ಮೇಲೆ ಬಗ್ಗಿದಳು.

“ಐದು ಅಂತ ಬರಿ,” ಎಂದಳು. “ಹನ್ನೊಂದಕ್ಕಿಂತ ದೊಡ್ಡದಾಗಿ ಬರಿ.”